ಮನೆ ನಮ್ಮದು, ನೆಲ ಬಾಡಿಗೆಯದು

ನಮ್ಮ ಮನೆಗೆ ಆರ್‌ಸಿ ಇದೆ. ತಮಾಷೆಯಲ್ಲ, ನಿಮ್ಮ ಸ್ಕೂಟರಿಗೆ ಇರುತ್ತಲ್ಲ, ಹೆಚ್ಚುಕಡಿಮೆ ಅದೇ ಥರ. ಕ್ಯಾಲಿಫೋರ್ನಿಯಾ ರಾಜ್ಯದ ವಸತಿ ಇಲಾಖೆಯಲ್ಲಿ ಅದರ ನೋಂದಣಿಯಾಗಿದೆ. ಹೊರಗೋಡೆಯ ಮೇಲೆ ನಂಬರಿನ ಸ್ಟಿಕ್ಕರ್ ಇದೆ. ವರ್ಷ ವರ್ಷ ಶುಲ್ಕ ಕಟ್ಟಿ ನವೀಕರಿಸಬೇಕು. ಎರಡು ಬೆಡ್‌ರೂಮು, ಎರಡು ಬಾತ್‌ರೂಮು, ಅಗಲವಾದ ಅಡುಗೆಮನೆ, ಮುಂದೊಂದು ನಿಂಬೆ ಗಿಡ ಇರುವ ಈ ಮನೆ ಕಾರ್ಖಾನೆಯಲ್ಲಿ ಹುಟ್ಟಿ, ಚಕ್ರದ ಮೇಲೆ ಹೆದ್ದಾರಿಯಲ್ಲಿ ಬಂದು ಇಲ್ಲಿ ಕೂತದ್ದು.

ಇಂಥ ಮನೆಯನ್ನು ಇಲ್ಲಿ ‘ಮ್ಯಾನುಫ್ಯಾಕ್ಚರ್ಡ್ ಹೋಮ್’ ಅಂತಾರೆ. ಹಳಬರ ಬಾಯಲ್ಲಿ ಈಗಲೂ ‘ಮೊಬೈಲ್ ಹೋಮ್’. ಇವು ಸಾಲಾಗಿ ಕೂತ ಬಡಾವಣೆಗೆ ‘ಪಾರ್ಕ್’ ಅಂತ ಹೆಸರು. ಸ್ಯಾನ್ ಹೋಸೆ ನಗರದ ಅಂಥದ್ದೊಂದು ಪಾರ್ಕಿನಲ್ಲಿ ನಾನು ಮತ್ತು ನಮ್ಮನೆಯವರು ಆರು ವರ್ಷದಿಂದ ಇದ್ದೇವೆ. ಗೇಟಿನ ಫಲಕದಲ್ಲಿ ಪಾರ್ಕಿನ ಹೆಸರಿನ ಕೆಳಗೆ ‘55+’ ಅಂತ ಬರೆದಿದೆ. ಮನೆಯಲ್ಲಿ ಒಬ್ಬರಿಗಾದರೂ 55 ತುಂಬಿರಬೇಕು ಅಂತ ಅದರ ಅರ್ಥ. ತುಂಬಿಲ್ಲದ ಮನೆಯವರು, ಕೈಯಲ್ಲಿ ಎಷ್ಟೇ ದುಡ್ಡಿದ್ದರೂ, ಇಲ್ಲಿಗೆ ಬಂದು ಇರುವ ಹಾಗಿಲ್ಲ.

ನಾವು ಇಲ್ಲಿಗೆ ಬಂದ ಹೊಸತರಲ್ಲಿ ನಾದಿನಿ ಮೈಸೂರಿನಿಂದ ಫೋನ್ ಮಾಡಿ, “ಅಲ್ಲಾ ಅತ್ತಿಗೆ, ಇಪ್ಪತ್ತು ವರ್ಷ ಅಮೆರಿಕದಲ್ಲಿ ದುಡಿದು ಕೊನೆಗೆ ತಗಡಿನ ಮನೆಗೆ ಹೋದ್ರಾ?” ಅಂದಳು. “ತಗಡಿಂದಲ್ಲ ಕಣೇ, ಮರದ್ದು” ಅಂದೆ. ಗೋಡೆ ಯಾವುದರದ್ದು ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಆರು ವರ್ಷ ಇದ್ದ ಮೇಲೆ ನನಗೆ ಗೊತ್ತಾಗಿರೋದು, ಕೇಳಬೇಕಾದ್ದು ನೆಲ ಯಾರದ್ದು ಅಂತ.

ಸೈಟು ಮಾರಿ ಬಂದೆವು

ನಾವು 1998ರಲ್ಲಿ, ವೈ2ಕೆ ಅಲೆಯಲ್ಲಿ ಬಂದವರು. ನಮ್ಮನೆಯವರು ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿದ್ದರು. ನಾನು ಪುಟ್ಟ ಮಕ್ಕಳ ಶಾಲೆಯಲ್ಲಿ ಸಹಾಯಕಿ. 2001ರಲ್ಲಿ ಡಾಟ್‌ಕಾಂ ಗುಳ್ಳೆ ಒಡೆದಾಗ ಒಮ್ಮೆ, 2008ರಲ್ಲಿ ಇನ್ನೊಮ್ಮೆ ಅವರ ಕೆಲಸ ಹೋಯಿತು. ಎರಡು ಸಲವೂ ಮನೆಗೆಂದು ಕೂಡಿಟ್ಟ ದುಡ್ಡು ಹೊಟ್ಟೆಪಾಡಿಗೆ ಕರಗಿತು. ಮಗಳ ಓದು ಮುಗಿಯುವಷ್ಟರಲ್ಲಿ ಈ ಕಡೆ ಒಂದು ಸಾಧಾರಣ ಮನೆಯ ಬೆಲೆ ಹತ್ತು ಲಕ್ಷ ಡಾಲರ್ ದಾಟಿತ್ತು. ನಮ್ಮ ಅಪಾರ್ಟ್‌ಮೆಂಟಿನ ಬಾಡಿಗೆ ತಿಂಗಳಿಗೆ 2,900 ಡಾಲರ್. ರಿಟೈರ್ ಆದ ಮೇಲೆ ಅಷ್ಟು ಎಲ್ಲಿಂದ ತರೋದು?

2019ರಲ್ಲಿ ಈ ಮನೆ 2,40,000 ಡಾಲರಿಗೆ ಸಿಕ್ಕಿತು. ಮಾಮೂಲಿ ಗೃಹಸಾಲ ಸಿಗಲಿಲ್ಲ. ನೆಲ ಸೇರದ ಮನೆಗೆ ಇಲ್ಲಿ ಸಾಮಾನ್ಯವಾಗಿ ಸಿಗೋದು ವಾಹನ ಸಾಲದ ಜಾತಿಯ ಸಾಲ. ಬಡ್ಡಿ ಹೆಚ್ಚು, ಅವಧಿ ಕಡಿಮೆ. ಹಾಗಾಗಿ ಮೈಸೂರಿನ ವಿಜಯನಗರದಲ್ಲಿದ್ದ ಥರ್ಟಿ-ಫಾರ್ಟಿ ಸೈಟು ಮಾರಿ, ಉಳಿತಾಯ ಸೇರಿಸಿ, ಪೂರ್ತಿ ಹಣ ಕೊಟ್ಟೇ ಕೊಂಡೆವು. “ಮನೆಯಿಲ್ಲದ ನೆಲ ಮಾರಿ ನೆಲವಿಲ್ಲದ ಮನೆ ತಗೊಂಡ್ವಿ” ಅಂತ ನಮ್ಮನೆಯವರು ಈಗಲೂ ನಗ್ತಾರೆ.

ಮನೆ ಕೊಂಡ ಮೇಲೂ ಅದು ಕೂತ ಜಾಗಕ್ಕೆ ಪಾರ್ಕಿನ ಮಾಲೀಕರಿಗೆ ತಿಂಗಳ ಬಾಡಿಗೆ ಕೊಡಬೇಕು. ಇದಕ್ಕೆ ‘ಸ್ಪೇಸ್ ರೆಂಟ್’ ಅಂತಾರೆ. ನಮಗೆ 2019ರಲ್ಲಿ 1,050 ಡಾಲರ್ ಇತ್ತು, ಈಗ 1,290. ನೀರು, ಗ್ಯಾಸು, ಕಸದ ಲೆಕ್ಕ ಬೇರೆ. ಆದರೂ ಬಿಟ್ಟುಬಂದ ಅಪಾರ್ಟ್‌ಮೆಂಟಿನ ಬಾಡಿಗೆಯ ಅರ್ಧಕ್ಕಿಂತ ಕಡಿಮೆ. ಹೀಗೆ ಲೆಕ್ಕ ಹಾಕಿದವರು ನಾವಷ್ಟೇ ಅಲ್ಲ. ಅಮೆರಿಕದಲ್ಲಿ ಸುಮಾರು ಎರಡು ಕೋಟಿ ಜನ ಇಂಥ ಮನೆಗಳಲ್ಲಿದ್ದಾರೆ. ಸ್ಯಾನ್ ಹೋಸೆ ನಗರವೊಂದರಲ್ಲೇ ಐವತ್ತಕ್ಕೂ ಹೆಚ್ಚು ಪಾರ್ಕುಗಳು, ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಿವೆ. ನೀವು ದಿನಾ ಬಳಸುವ ಆ್ಯಪ್‌ಗಳ ಕಂಪನಿಗಳಿಂದ ಸ್ವಲ್ಪವೇ ದೂರದಲ್ಲಿ.

ಕದಲದ ಮೊಬೈಲ್ ಮನೆ

‘ಮೊಬೈಲ್’ ಅಂದ ಕೂಡಲೇ ಬೇಕೆಂದಾಗ ಎಳ್ಕೊಂಡು ಹೋಗಬಹುದಾದ ಮನೆ ಅಂತ ಎಲ್ಲರೂ ತಿಳ್ಕೋತಾರೆ. ಮೊದಲು ಅದು ನಿಜವೂ ಆಗಿತ್ತು. 1930ರ ದಶಕದಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ ಟ್ರೈಲರುಗಳಿದ್ದವು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಯುದ್ಧಸಾಮಗ್ರಿ ತಯಾರಿಸುವ ಕಾರ್ಖಾನೆಗಳ ಕೆಲಸಗಾರರು ಅವುಗಳಲ್ಲೇ ಸಂಸಾರ ಹೂಡಿದರು. ಯುದ್ಧದ ನಂತರ ಟ್ರೈಲರು ಅಗಲವಾಗುತ್ತಾ ಉದ್ದವಾಗುತ್ತಾ ಮನೆಯೇ ಆಯಿತು. 1976ರ ಜೂನ್ 15ರಿಂದ ಇಡೀ ದೇಶಕ್ಕೆ ಒಂದೇ ಕಟ್ಟಡ ನಿಯಮ ಜಾರಿಗೆ ಬಂತು. ಅಲ್ಲಿಂದಾಚೆ ತಯಾರಾದ ಮನೆಯ ಪ್ರತಿ ಭಾಗಕ್ಕೂ ಹೊರಗಡೆ ಒಂದು ಕೆಂಪು ಲೋಹದ ಪಟ್ಟಿ ಹೊಡೆದಿರುತ್ತಾರೆ. ಹಳೆಯ ಮನೆ ಕೊಳ್ಳುವವರು ಮೊದಲು ಹುಡುಕೋದು ಅದನ್ನೇ.

ನಮ್ಮದು 1979ರ ಮನೆ, ‘ಡಬಲ್ ವೈಡ್’. ಉದ್ದಕ್ಕೆ ಸೀಳಿದ ಎರಡು ಭಾಗಗಳು ಬೇರೆ ಬೇರೆಯಾಗಿ ಬಂದು, ಇಲ್ಲಿ ಒಂದಾಗಿ ಸೇರಿದವು. ಹಾಲಿನ ನಡುವೆ ಚಾವಣಿಯಲ್ಲಿ ಆ ಬೆಸುಗೆಯ ಗೆರೆ ಕಾಣುತ್ತೆ. ಕೆಳಗೆ ಉಕ್ಕಿನ ಚೌಕಟ್ಟು. ಅದರ ಕೆಳಗೆ ಪಾಯವಿಲ್ಲ, ಸಾಲಾಗಿ ನಿಲ್ಲಿಸಿದ ಗಿಡ್ಡ ಕಂಬಗಳು. ಅವು ಕಾಣದ ಹಾಗೆ ಸುತ್ತ ಹಲಗೆಯ ಮುಚ್ಚಿಗೆ, ಸೀರೆಯ ನೆರಿಗೆ ಪಾದ ಮುಚ್ಚಿದ ಹಾಗೆ. ನಡೆದಾಡಿದರೆ ಸಣ್ಣಗೆ ಟೊಳ್ಳು ಸದ್ದು ಬರುತ್ತೆ. ಮಿಕ್ಸಿ ಹಾಕಿದರೆ ಶೋಕೇಸಿನ ಲೋಟಗಳು ಕಿಣಿಕಿಣಿ ಅನ್ನುತ್ತವೆ. ಆರು ತಿಂಗಳಾದ ಮೇಲೆ ಎರಡೂ ಕಿವಿಗೆ ಬೀಳೋದು ನಿಂತವು.

ಚಕ್ರ ಬಿಚ್ಚಿ ಕೂರಿಸಿದ ಮೇಲೆ ಇಂಥ ಮನೆಗಳಲ್ಲಿ ಹೆಚ್ಚಿನವು ಮತ್ತೆ ಕದಲುವುದೇ ಇಲ್ಲ. ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸೋಕೆ ಸಾವಿರಾರು ಡಾಲರ್ ಬೇಕು. ಬೇರೆ ಪಾರ್ಕಿನಲ್ಲಿ ಖಾಲಿ ಜಾಗ ಸಿಗೋದು ಅಪರೂಪ. ಸಿಕ್ಕರೂ ನಲವತ್ತೈದು ವರ್ಷ ಹಳೆಯ ಮನೆಯನ್ನು ಒಳಗೆ ಬಿಟ್ಟುಕೊಳ್ಳುವವರು ಯಾರು? ನಮ್ಮ ಕಷ್ಟ ಸುಖ ಎರಡರ ಮೂಲವೂ ಇಲ್ಲೇ ಇದೆ. ನೆಲದ ಮಾಲೀಕರ ಜತೆ ಹೊಂದದಿದ್ದರೆ ಬಾಡಿಗೆದಾರರು ಗಂಟುಮೂಟೆ ಕಟ್ಟಬಹುದು. ನಮ್ಮ ಗಂಟೇ ಮನೆ, ಅದನ್ನು ಹೊತ್ತುಕೊಂಡು ಹೋಗೋಕಾಗಲ್ಲ.

ಐವತ್ತೈದರ ಗೆರೆ

ವಯಸ್ಸು ನೋಡಿ ಮನೆ ಕೊಡೋದು ತಾರತಮ್ಯ ಅಲ್ವಾ ಅಂತ ಮಗಳು ಕೇಳಿದ್ದಳು. ನ್ಯಾಯವಾದ ಪ್ರಶ್ನೆಯೇ. ವಸತಿಯಲ್ಲಿ ಬಣ್ಣ, ಧರ್ಮ, ಮೂಲದೇಶ ನೋಡಿ ತಾರತಮ್ಯ ಮಾಡಬಾರದು ಅಂತ ಅಮೆರಿಕ 1968ರಲ್ಲೇ ಕಾನೂನು ಮಾಡಿತು. 1988ರಲ್ಲಿ ತಿದ್ದುಪಡಿ ತಂದು, ಮಕ್ಕಳಿದ್ದಾರೆ ಅನ್ನುವ ಕಾರಣಕ್ಕೆ ಮನೆ ನಿರಾಕರಿಸೋದನ್ನೂ ನಿಷೇಧಿಸಿತು. ಆದರೆ ಹಿರಿಯರಿಗೆಂದೇ ಇರುವ ವಸತಿಗೆ ವಿನಾಯಿತಿ ಕೊಟ್ಟಿತು. 1995ರಲ್ಲಿ ಆ ವಿನಾಯಿತಿಯ ಷರತ್ತುಗಳು ಸರಳವಾದವು. ಜನ ವಾಸವಿರುವ ಮನೆಗಳಲ್ಲಿ ಶೇ 80ರಷ್ಟರಲ್ಲಾದರೂ 55 ತುಂಬಿದ ಒಬ್ಬರಿರಬೇಕು. ಇದು ಹಿರಿಯರ ವಸತಿ ಅಂತ ನಿಯಮಗಳಲ್ಲಿ ಸ್ಪಷ್ಟವಾಗಿರಬೇಕು. ಎರಡು ವರ್ಷಕ್ಕೊಮ್ಮೆಯಾದರೂ ವಯಸ್ಸಿನ ಲೆಕ್ಕ ತಾಜಾ ಮಾಡಬೇಕು. ನಮ್ಮ ಪಾರ್ಕಿನ ಆಫೀಸಿನಲ್ಲಿ ಎಲ್ಲರ ಡ್ರೈವಿಂಗ್ ಲೈಸೆನ್ಸಿನ ಪ್ರತಿ ಇದೆ.

ಉಳಿದ ಶೇ 20 ಮನೆಗಳ ವಿಷಯ ಕಾನೂನು ಪಾರ್ಕಿಗೇ ಬಿಟ್ಟಿದೆ. ಅಲ್ಲಿ ಇನ್ನೂ ಬಿಗಿಯಾಗಿರಬಹುದು, ಸಡಿಲವಾಗಿಯೂ ಇರಬಹುದು. ಇದು ನಮಗೆ ಬರೀ ಕಾಗದದ ಮಾತಾಗಿರಲಿಲ್ಲ. ನಾವು ಬಂದಾಗ ಅವರಿಗೆ 57, ನನಗೆ 54. ನಾಲ್ಕನೇ ತಿಂಗಳಿಗೆ ಅವರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತ ನನಗೆ ದೇವರ ಸ್ತೋತ್ರದ ನಡುವೆ ಇನ್ನೊಂದು ಯೋಚನೆ: ಇವರಿಗೇನಾದರೂ ಆದರೆ, 55 ತುಂಬದ ನನ್ನನ್ನು ಆ ಮನೆಯಲ್ಲಿ ಇರಲು ಬಿಡುತ್ತಾರಾ? ಮನೆಗೆ ಬಂದ ಮೇಲೆ ನಿಯಮದ ಪುಸ್ತಕ ತೆಗೆದು ನೋಡಿದೆ. ಉಳಿದ ಗಂಡ ಅಥವಾ ಹೆಂಡತಿ ಇರಬಹುದು ಅಂತ ನಮ್ಮ ಪಾರ್ಕಿನಲ್ಲಿ ಬರೆದಿತ್ತು. ಎಲ್ಲ ಪಾರ್ಕಿನಲ್ಲೂ ಹೀಗೇ ಇರುತ್ತೆ ಅನ್ನುವ ಹಾಗಿಲ್ಲ. ಆ ಒಂದು ಸಾಲು ಓದಿ ಸಮಾಧಾನವಾಗಿ ಗಂಜಿಗೆ ಅಕ್ಕಿ ತೊಳೆದೆ.

ಹಳೇ ವಠಾರದ ನೆನಪು

ನಾನು ಬೆಳೆದದ್ದು ಮೈಸೂರಿನ ಚಾಮುಂಡಿಪುರದ ವಠಾರದಲ್ಲಿ. ಒಬ್ಬರ ಮನೆಯ ಹುಳಿಯ ವಾಸನೆ ಐದು ಮನೆಗೆ, ಒಬ್ಬರ ಮನೆಯ ಜಗಳ ಹತ್ತು ಮನೆಗೆ. ಅಮೆರಿಕದಲ್ಲಿ ಇಪ್ಪತ್ತು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದೂ ಪಕ್ಕದವರ ಹೆಸರು ಗೊತ್ತಿರಲಿಲ್ಲ. ಇಲ್ಲಿಗೆ ಬಂದ ಎರಡೇ ವಾರದಲ್ಲಿ ಹನ್ನೊಂದು ಮನೆಯವರು ಪರಿಚಯವಾದರು.

ಎಡಗಡೆ ಮನೆಯಲ್ಲಿ 84 ವರ್ಷದ ಅಜ್ಜಿ. ಶಾಲಾ ಬಸ್ ಓಡಿಸಿ ರಿಟೈರ್ ಆದವರು. ಎದುರಿಗೆ ಫಿಲಿಪೀನ್ಸ್‌ನಿಂದ ಬಂದ ನರ್ಸಮ್ಮ. ಅವರ ಪಕ್ಕ ವಿಯೆಟ್ನಾಂ ಮೂಲದ ದಂಪತಿ. ಮೂಲೆಮನೆಯಲ್ಲಿ ಪಂಜಾಬಿ ಸರ್ದಾರ್ಜಿ. ಒಬ್ಬಂಟಿಗಳ ನಡುವೆ ಇಲ್ಲೊಂದು ಒಪ್ಪಂದವಿದೆ. ಬೆಳಿಗ್ಗೆ ಒಂಬತ್ತರೊಳಗೆ ಬೀದಿಕಡೆಯ ಕಿಟಕಿಯ ಪರದೆ ತೆರೆಯಬೇಕು. ತೆರೆಯದಿದ್ದರೆ ಪಕ್ಕದವರು ಫೋನ್ ಮಾಡ್ತಾರೆ. ಎತ್ತದಿದ್ದರೆ ಬಾಗಿಲು ತಟ್ಟುತ್ತಾರೆ. ಹೋದ ಚಳಿಗಾಲದಲ್ಲಿ ಬಾತ್‌ರೂಮಿನಲ್ಲಿ ಬಿದ್ದಿದ್ದ ಒಬ್ಬ ಹಿರಿಯರ ಜೀವ ಉಳಿದದ್ದು ಹೀಗೆ. ಇದಕ್ಕೆ ಆ್ಯಪ್ ಇಲ್ಲ, ಚಂದಾ ಇಲ್ಲ.

ನಿಯಮಗಳು ಮಾತ್ರ ಯಾವ ವಠಾರದ ಮಾಲೀಕನೂ ಮಾಡಿರಲಾರ. ಮನೆಗೆ ಬಳಿಯುವ ಬಣ್ಣ ಅವರು ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಹೊರಗೆ ಬಟ್ಟೆ ಒಣಹಾಕುವಂತಿಲ್ಲ, ಹಾಗಾಗಿ ಸಂಡಿಗೆ ಹಪ್ಪಳವೂ ಇಲ್ಲ. ಗಂಟೆಗೆ ಹತ್ತು ಮೈಲಿ ಮೀರಿ ಕಾರು ಓಡಿಸುವಂತಿಲ್ಲ. ನಾನು ಬಾಗಿಲ ಮುಂದೆ ರಂಗೋಲಿ ಹಾಕಿದ ಮೊದಲ ದಿನ ಮ್ಯಾನೇಜರ್ ಬಂದು ನೋಡಿದರು. ನೀರು ಹಾಕಿದರೆ ಹೋಗುತ್ತೆ ಅಂತ ತೋರಿಸಿದೆ. ನಕ್ಕು ಹೋದರು. ಈಗ ಸರ್ದಾರ್ಜಿಯ ಹೆಂಡತಿಯೂ ಹಾಕ್ತಾರೆ.

ಇಲ್ಲದಿರೋದು ಮಕ್ಕಳ ಸದ್ದು. ಸೈಕಲ್ ಇಲ್ಲ, ಚೆಂಡು ಬಡಿಯುವ ಶಬ್ದವಿಲ್ಲ, ಬೆಳಗಿನ ಶಾಲೆಯ ಗಡಿಬಿಡಿಯಿಲ್ಲ. ಕೆಲವರಿಗೆ ಅದೇ ಇಷ್ಟ, ಅದಕ್ಕೇ ಬಂದಿದ್ದಾರೆ. ಹ್ಯಾಲೋವೀನ್ ರಾತ್ರಿ ಬಾಗಿಲು ತಟ್ಟೋಕೆ ಒಂದು ಮಗುವೂ ಇರಲ್ಲ. ಆದರೂ ಪಕ್ಕದ ಅಜ್ಜಿ ಪ್ರತಿವರ್ಷ ಒಂದು ಚೀಲ ಚಾಕೊಲೇಟ್ ತಂದಿಟ್ಟು ಕಾಯುತ್ತಾರೆ. ಮರುದಿನ ಅದನ್ನು ನಮಗೆಲ್ಲ ಹಂಚುತ್ತಾರೆ. ಕ್ಲಬ್‌ಹೌಸಿನ ನೋಟಿಸ್ ಬೋರ್ಡಿನಲ್ಲಿ ಬಿಂಗೊ ಆಟದ ಚೀಟಿಯ ಪಕ್ಕದಲ್ಲೇ ತೀರಿಕೊಂಡವರ ಫೋಟೊ. ವರ್ಷಕ್ಕೆ ಐದಾರು ಫೋಟೊಗಳಾದರೂ ಬದಲಾಗುತ್ತವೆ.

ಇಪ್ಪತ್ತು ದಿನದ ತವರು

ವಯಸ್ಸಿನ ಗೆರೆಯ ಇನ್ನೊಂದು ಮುಖ ಕಂಡದ್ದು 2023ರ ಆರಂಭದಲ್ಲಿ. ಟೆಕ್ ಕಂಪನಿಗಳಲ್ಲಿ ಸಾವಿರಾರು ಜನರ ಕೆಲಸ ಹೋಗುತ್ತಿದ್ದ ದಿನಗಳು, ನಿಮ್ಮಲ್ಲೂ ಕೆಲವರಿಗೆ ನೆನಪಿರಬಹುದು. ಸಿಯಾಟಲ್‌ನಲ್ಲಿದ್ದ ನಮ್ಮ ಮಗಳ ಕೆಲಸವೂ ಹೋಯಿತು. ಮನೆಬಾಡಿಗೆ, ಮಗುವಿನ ಡೇಕೇರ್ ಎರಡನ್ನೂ ಅಳಿಯನ ಒಂದೇ ಸಂಬಳದಲ್ಲಿ ತೂಗಿಸೋಕೆ ಆಗುತ್ತಿರಲಿಲ್ಲ. “ಅಮ್ಮಾ, ನಾಲ್ಕೈದು ತಿಂಗಳು ಪುಟ್ಟನ್ನ ಕರ್ಕೊಂಡು ನಿಮ್ಮ ಹತ್ರ ಬರ್ತೀನಿ. ಅಲ್ಲಿಂದಲೇ ಕೆಲಸ ಹುಡುಕ್ತೀನಿ” ಅಂದಳು. ಮೊಮ್ಮಗನಿಗೆ ಆಗ ಎರಡು ವರ್ಷ.

ಬೇರೆ ಯಾವ ತಾಯಿಯಾದರೂ ತಕ್ಷಣ ಬಾ ಅಂತಿದ್ದಳು. ನಾನು ನಿಯಮದ ಪುಸ್ತಕ ತೆಗೆದೆ.

ಸತತ 20 ದಿನ ಅಥವಾ ವರ್ಷಕ್ಕೆ ಒಟ್ಟು 30 ದಿನ ಮೀರದೆ ಇರುವ ಅತಿಥಿಗೆ ಪಾರ್ಕು ಶುಲ್ಕ ಕೇಳಬಾರದು ಅನ್ನುತ್ತದೆ ಕ್ಯಾಲಿಫೋರ್ನಿಯಾ ಕಾನೂನು. ನಮ್ಮ ಪಾರ್ಕು ಅದನ್ನೇ ಮಿತಿಯಾಗಿ ಮಾಡಿಕೊಂಡಿದೆ. ಅಪ್ಪ ಅಮ್ಮ ಹಾಸಿಗೆ ಹಿಡಿದು, ಆರೈಕೆ ಬೇಕು ಅಂತ ವೈದ್ಯರು ಬರೆದುಕೊಟ್ಟರೆ, ದೊಡ್ಡ ಮಗ ಅಥವಾ ಮಗಳು ಜತೆಗಿರಲು ಕಾನೂನಿನಲ್ಲಿ ದಾರಿಯಿದೆ. ಮಗಳ ಕೆಲಸ ಹೋಗಿದೆ ಅನ್ನುವ ಕಾರಣಕ್ಕೆ ಮಾತ್ರ ಅಂಥ ದಾರಿಯಿಲ್ಲ.

ಮಗಳು ಬಂದಳು, ಇಪ್ಪತ್ತು ದಿನ ಇದ್ದಳು. ಪುಟ್ಟನ ಕಾಲಿನ ಟೊಳ್ಳು ಸದ್ದು ಮನೆ ತುಂಬಿತು. ಈಜುಕೊಳದಲ್ಲಿ ಮಕ್ಕಳಿಗೆ ಮೀಸಲಾದ ಎರಡು ಗಂಟೆಯಲ್ಲಿ ಹತ್ತು ಜನ ಅಜ್ಜ ಅಜ್ಜಿಯರು ಅವನನ್ನು ನೋಡೋಕೆಂದೇ ಬಂದು ಕೂತರು. ಯಾರೂ ದೂರು ಕೊಡಲಿಲ್ಲ. ಮ್ಯಾನೇಜರ್ ಕೂಡ ಒರಟಾಗಿ ನಡ್ಕೊಳ್ಳಲಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ, ಆಮೇಲೆ ಪಾರ್ಕಿನ ವಿನಾಯಿತಿಗೇ ಕುತ್ತು ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಇಪ್ಪತ್ತೊಂದನೇ ದಿನ ಮಗಳು ಮಿಲ್ಪಿಟಾಸ್‌ನಲ್ಲಿ ಪರಿಚಯದವರ ಮನೆಯ ಒಂದು ರೂಮಿಗೆ ಹೋದಳು. ಐದು ತಿಂಗಳು, ವಾರಕ್ಕೆ ಐದು ದಿನ, ಟಿಫಿನ್ ಡಬ್ಬಿ ಕಟ್ಟಿಕೊಂಡು ನಾನೇ ಅಲ್ಲಿಗೆ ಹೋದೆ. ಅವಳು ಇಂಟರ್‌ವ್ಯೂಗೆ ಕೂತಾಗ ಪುಟ್ಟನನ್ನು ಎತ್ತಿಕೊಂಡು ಆ ಬೀದಿ ಸುತ್ತುತ್ತಿದ್ದೆ. ಮಗಳು ತವರಿಗೆ ಬರೋಕಾಗಲಿಲ್ಲ, ತವರೇ ಕಾರು ಓಡಿಸಿಕೊಂಡು ಅವಳ ಹತ್ತಿರ ಹೋಯಿತು.

ಈ ಮನೆ ನಮ್ಮ ನಂತರ ಅವಳಿಗೇ ಸೇರುತ್ತೆ. ಆದರೆ ಅವಳು ಇದರಲ್ಲಿ ವಾಸ ಮಾಡೋ ಹಾಗಿಲ್ಲ. ಅವಳಿಗೆ 55 ತುಂಬೋಕೆ ಇನ್ನೂ ಇಪ್ಪತ್ತು ವರ್ಷಕ್ಕೂ ಮೇಲಿದೆ. ಜಾಗದ ಬಾಡಿಗೆ ಕಟ್ಟುತ್ತಾ, ಪಾರ್ಕು ಒಪ್ಪುವ ಹಿರಿಯರೊಬ್ಬರನ್ನು ಹುಡುಕಿ ಮಾರಬೇಕು. ಮಕ್ಕಳಿಗೆ ಮನೆ ಬಿಟ್ಟುಹೋಗೋದು ಅನ್ನುವ ಮಾತಿಗೆ ಇಲ್ಲಿ ಇಷ್ಟೇ ಅರ್ಥ.

ಶೇ 3ರ ಲೆಕ್ಕ

ಪಕ್ಕದ ಮನೆಯ ಅಜ್ಜಿಗೆ ಮಕ್ಕಳಿಲ್ಲ. ಅವರ ಚಿಂತೆ ಪ್ರತಿವರ್ಷ ಬರುವ ಒಂದು ಕಾಗದದ್ದು. ಜಾಗದ ಬಾಡಿಗೆ ಏರಿಸುವ ಮುನ್ನ 90 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು ಅನ್ನೋದು ಇಲ್ಲಿನ ರಾಜ್ಯದ ಕಾನೂನು. ಎಷ್ಟು ಏರಿಸಬಹುದು ಅನ್ನೋದು ಊರೂರಿಗೆ ಬೇರೆ. ಸ್ಯಾನ್ ಹೋಸೆಯಲ್ಲಿ ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಪಾರ್ಕುಗಳಿಗೆ ಒಂದು ಸೂತ್ರವಿದೆ. ಬೆಲೆ ಏರಿಕೆ ಸೂಚ್ಯಂಕ ಏರಿದ್ದರ ಮುಕ್ಕಾಲು ಪಾಲು. ಅದು ಎಷ್ಟೇ ಕಡಿಮೆಯಾದರೂ ಶೇ 3 ಏರಿಸಬಹುದು, ಎಷ್ಟೇ ಹೆಚ್ಚಾದರೂ ಶೇ 7 ಮೀರುವಂತಿಲ್ಲ.

ಕೇಳೋಕೆ ನ್ಯಾಯವಾಗಿದೆ. ಅಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ಅದು ಹೇಗೆ ಕಾಣುತ್ತೆ ನೋಡಿ. ಅವರ ಆದಾಯ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಒಂದೇ. 2020ರಲ್ಲಿ ತಿಂಗಳಿಗೆ 1,600 ಡಾಲರ್ ಬರುತ್ತಿತ್ತು. ಜಾಗದ ಬಾಡಿಗೆ 1,000. 2021ರಲ್ಲಿ ಸರ್ಕಾರ ಪಿಂಚಣಿ ಏರಿಸಿದ್ದು ಶೇ 1.3, ಅಂದರೆ ಸುಮಾರು 21 ಡಾಲರ್. ಬಾಡಿಗೆ ಏರಿದ್ದು ಶೇ 3, ಅಂದರೆ 30 ಡಾಲರ್. ಒಂಬತ್ತು ಡಾಲರಿನ ಈ ವ್ಯತ್ಯಾಸಕ್ಕೆ ಅಜ್ಜಿ ದಿನಪತ್ರಿಕೆ ನಿಲ್ಲಿಸಿದರು. 2023ರಲ್ಲಿ ಪಿಂಚಣಿ ಒಮ್ಮೆಲೇ ಶೇ 8.7 ಏರಿದಾಗ ಖುಷಿಯಾಗಿ ನಮಗೆಲ್ಲ ಕೇಕ್ ತಂದಿದ್ದರು. ಅಷ್ಟೊತ್ತಿಗೆ ಮೊಟ್ಟೆಯ ಬೆಲೆಯೂ ಏರಿತ್ತು ಅಂತ ಅವರೇ ನಕ್ಕರು.

ಅವರು ಮನೆ ಮಾರಿ ಹೋಗಬಹುದಲ್ಲ ಅಂತ ನೀವು ಕೇಳಬಹುದು. ಜಾಗದ ಬಾಡಿಗೆ ಹೆಚ್ಚಿದಷ್ಟೂ ಮನೆಯ ಬೆಲೆ ಕುಸಿಯುತ್ತೆ. ಕೊಳ್ಳುವವರು ಮನೆಯ ಬೆಲೆಯ ಜತೆಗೆ ತಿಂಗಳ ಬಾಡಿಗೆಯನ್ನೂ ಲೆಕ್ಕ ಹಾಕ್ತಾರೆ. ಹೀಗೆ ಬಾಡಿಗೆಯ ಪ್ರತಿ ಏರಿಕೆಯೂ ಎರಡು ಕಡೆ ಕಚ್ಚುತ್ತೆ, ಇವತ್ತಿನ ಖರ್ಚಿಗೆ ಒಮ್ಮೆ, ನಾಳಿನ ಆಸ್ತಿಗೆ ಒಮ್ಮೆ. ಆದರೂ ನಾವು ಅದೃಷ್ಟವಂತರೇ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಜಾಗದ ಬಾಡಿಗೆಗೆ ಇಂಥ ಮಿತಿಯೇ ಇಲ್ಲ. ದೊಡ್ಡ ಹೂಡಿಕೆ ಕಂಪನಿಗಳು ಪಾರ್ಕುಗಳನ್ನು ಕೊಳ್ಳುತ್ತಿರೋದೂ ಇದೇ ಲೆಕ್ಕದ ಮೇಲೆ: ಮನೆ ಹೊತ್ತುಕೊಂಡು ಯಾರೂ ಎದ್ದು ಹೋಗಲಾರರು.

ನೆಲವೇ ಮಾರಾಟವಾದರೆ

ನಮ್ಮ ಊರಿನಲ್ಲೇ ಒಂದು ಉದಾಹರಣೆ ಇದೆ. ಸಾಂತಾನಾ ರೋ ಅನ್ನುವ ದುಬಾರಿ ಶಾಪಿಂಗ್ ಬೀದಿಯ ಹತ್ತಿರ ವಿಂಚೆಸ್ಟರ್ ರ‍್ಯಾಂಚ್ ಎಂಬ ಹಿರಿಯರ ಪಾರ್ಕ್ ಇತ್ತು. ನೂರಕ್ಕೂ ಹೆಚ್ಚು ಮನೆಗಳು. ಸುತ್ತಲಿನ ನೆಲಕ್ಕೆ ಚಿನ್ನದ ಬೆಲೆ ಬಂದಾಗ ಅಲ್ಲಿ ಹೊಸ ವಸತಿ ಸಮುಚ್ಚಯ ಕಟ್ಟುವ ಯೋಜನೆ ಬಂತು. ಕ್ಯಾಲಿಫೋರ್ನಿಯಾದಲ್ಲಿ ಪಾರ್ಕ್ ಮುಚ್ಚಬೇಕಾದರೆ ನಿವಾಸಿಗಳ ಗತಿಯೇನು ಅನ್ನುವ ವರದಿ ಕೊಟ್ಟು ನಗರಾಡಳಿತದ ಮುಂದೆ ಹೋಗಬೇಕು. ಅಲ್ಲಿನ ಹಿರಿಯರು ಆ ಅವಕಾಶ ಬಿಡಲಿಲ್ಲ. ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಸಭೆಗಳಿಗೆ ಓಡಾಡಿದರು. ಕೊನೆಗೆ ಅದೇ ಜಾಗದ ಹೊಸ ಕಟ್ಟಡದಲ್ಲಿ ತಮಗೆ ಕೈಗೆಟಕುವ ಬಾಡಿಗೆಯ ಮನೆ ಸಿಗುವ ಒಪ್ಪಂದ ಮಾಡಿಸಿಕೊಂಡರು. ತಲೆಯ ಮೇಲೆ ಸೂರು ಉಳಿಯಿತು. ಅವರವರ ನಿಂಬೆ ಗಿಡ, ಅಂಗಳ, ಬೀದಿ ಉಳಿಯಲಿಲ್ಲ.

ಇನ್ನೊಂದು ದಾರಿ ನಿವಾಸಿಗಳೇ ಸೇರಿ ನೆಲ ಕೊಳ್ಳೋದು. 1984ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೆರಡಿತ್ ಎಂಬ ಊರಿನ ಪುಟ್ಟ ಪಾರ್ಕೊಂದರ ಜನ ಸಹಕಾರ ಸಂಘ ಕಟ್ಟಿ, ಸಾಲ ಎತ್ತಿ, ತಮ್ಮ ಪಾರ್ಕನ್ನು ತಾವೇ ಕೊಂಡರು. ಇವತ್ತು ಬೇರೆ ಬೇರೆ ರಾಜ್ಯಗಳಲ್ಲಿ ಅಂಥ ಮುನ್ನೂರಕ್ಕೂ ಹೆಚ್ಚು ಪಾರ್ಕುಗಳಿವೆ. ಸಹಕಾರ ಸಂಘ ಅಂದರೆ ನಮಗೇನು ಹೊಸದಾ? ನಮ್ಮನೆಯವರ ಅಪ್ಪ ಹೌಸ್ ಬಿಲ್ಡಿಂಗ್ ಸೊಸೈಟಿಯಲ್ಲೇ ಸೈಟು ತಗೊಂಡಿದ್ದು. ಸ್ಯಾನ್ ಹೋಸೆಯ ನೆಲದ ಬೆಲೆಗೆ ಅದು ಸುಲಭವಲ್ಲ. ಆದರೂ ನಮ್ಮ ಸಂಘದಲ್ಲಿ ಆ ಮಾತು ಶುರುವಾಗಿದೆ. ಖಜಾಂಚಿ ಯಾರು ಅಂತೀರಿ? ಎರಡು ಸಲ ಕೆಲಸ ಕಳ್ಕೊಂಡು, ಪೈಸೆ ಪೈಸೆ ಲೆಕ್ಕ ಬರೆಯೋದು ಕಲಿತ ನಮ್ಮನೆಯವರೇ.

ಅಪ್ಪ ಅಮ್ಮನಿಗೆ ಮನೆ ನೋಡುತ್ತಿದ್ದೀರಾ?

ಬೆಂಗಳೂರು, ಮೈಸೂರುಗಳಲ್ಲೂ ಈಗ ಹಿರಿಯರಿಗೆಂದೇ ಮನೆಗಳು ಬರುತ್ತಿವೆ. ಬ್ರೋಷರ್ ಚೆನ್ನಾಗಿರುತ್ತೆ. ವಾಕಿಂಗ್ ದಾರಿ, ಡಾಕ್ಟರು, ಸಾತ್ವಿಕ ಊಟ, ಭಜನೆ ಹಾಲ್. ಅಪಾರ್ಟ್‌ಮೆಂಟ್ ಕೊಳ್ಳುವಾಗ ನಿಮ್ಮ ಪಾಲಿನ ಯುಡಿಎಸ್ ಎಷ್ಟು ಅಂತ ಕೇಳ್ತೀರಲ್ಲ, ಅಪ್ಪ ಅಮ್ಮನ ಮನೆಗೂ ಅಷ್ಟೇ ಗಟ್ಟಿಯಾಗಿ ಕೇಳಿ. ನೀವು ಅಮೆರಿಕದಲ್ಲಿದ್ದು ಅವರಿಗೆ ಇಲ್ಲೇ ಹತ್ತಿರದಲ್ಲಿ ಮನೆ ನೋಡುತ್ತಿದ್ದರೂ ಪ್ರಶ್ನೆಗಳು ಇವೇ.

ನೆಲ ಯಾರ ಹೆಸರಿನಲ್ಲಿದೆ? ಕೈಗೆ ಬರೋದು ಕ್ರಯಪತ್ರವೋ, ಬರೀ ವಾಸದ ಹಕ್ಕೋ?

ತಿಂಗಳ ಬಾಡಿಗೆ ಅಥವಾ ಮೇಂಟೆನೆನ್ಸ್ ವರ್ಷಕ್ಕೆ ಎಷ್ಟು ಏರಬಹುದು? ಅದಕ್ಕೆ ಮಿತಿ ಇದೆಯಾ? ಹತ್ತು ವರ್ಷ ಅದೇ ದರದಲ್ಲಿ ಏರಿದರೆ ಅಪ್ಪನ ಪಿಂಚಣಿ ಸಾಕಾಗುತ್ತಾ?

ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರು ಇರಬಹುದಾ? ವಯಸ್ಸು ತುಂಬದವರಾದರೂ?

ಮಗ, ಮಗಳು, ಮೊಮ್ಮಕ್ಕಳು ಎಷ್ಟು ದಿನ ಬಂದು ಇರಬಹುದು? ಕಷ್ಟ ಬಂದಾಗಲೂ ಅಷ್ಟೇ ದಿನವಾ?

ಅವರ ನಂತರ ಮನೆ ಯಾರಿಗೆ, ಯಾರಿಗೆ ಮಾರಬಹುದು, ಅಲ್ಲಿಯವರೆಗೆ ಬಾಡಿಗೆ ಕಟ್ಟೋರು ಯಾರು?

ಉತ್ತರ ಬಾಯಲ್ಲಿ ಸಿಕ್ಕರೆ ಸಾಲದು. ಕಾಗದದಲ್ಲಿ ಯಾವ ಪುಟದಲ್ಲಿದೆ ಅಂತ ತೋರಿಸಲಿ. ನನಗೆ ಆಸ್ಪತ್ರೆಯಿಂದ ಬಂದ ದಿನ ನೆಮ್ಮದಿ ಕೊಟ್ಟದ್ದೂ, ಮಗಳು ಬರ್ತೀನಿ ಅಂದಾಗ ಕೈ ಕಟ್ಟಿದ್ದೂ ಒಂದೇ ಪುಸ್ತಕದ ಎರಡು ಪುಟ.

ಇಷ್ಟೆಲ್ಲ ಹೇಳಿದ ಮೇಲೆ, ಮತ್ತೆ ಕೊಳ್ಳಬೇಕಾಗಿ ಬಂದರೆ ಇದೇ ಮನೆ ಕೊಳ್ಳುತ್ತೀರಾ ಅಂತ ಕೇಳಿದರೆ, ಹೌದು ಅಂತೀನಿ. ನಮ್ಮ ಕೈಗೆಟಕುವ ಬೆಲೆಗೆ, ಒಂಬತ್ತು ಗಂಟೆಗೆ ನನ್ನ ಕಿಟಕಿ ನೋಡುವ ಜನ ಈ ನಗರದಲ್ಲಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಮಗಳಿಗೆ ಈಗ ಇಲ್ಲೇ ಹತ್ತಿರದಲ್ಲಿ ಕೆಲಸ ಸಿಕ್ಕಿದೆ. ಪುಟ್ಟ ಶನಿವಾರ ಬಂದು ಭಾನುವಾರ ಹೋಗ್ತಾನೆ. ವರ್ಷದ ಮೂವತ್ತು ದಿನದಲ್ಲಿ ಎಷ್ಟು ಖರ್ಚಾಯಿತು ಅಂತ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡ್ತೀನಿ.

ಈ ವರ್ಷದ ಬಾಡಿಗೆಯ ನೋಟಿಸ್ ಹೋದ ವಾರ ಬಂತು. ಬುಧವಾರ ಸಂಜೆ ಕ್ಲಬ್‌ಹೌಸಿನಲ್ಲಿ ಸಂಘದ ಸಭೆ. ಅಜ್ಜಿ ತಮ್ಮ ಹಳೇ ರಸೀದಿಗಳ ಡಬ್ಬಿ ತರ್ತಾರೆ, ನಮ್ಮನೆಯವರು ಲೆಕ್ಕದ ಪುಸ್ತಕ ತರ್ತಾರೆ. ಚಿತ್ರಾನ್ನ ನನ್ನ ಪಾಲು. ಮೆಣಸಿನಕಾಯಿ ಕಡಿಮೆ ಹಾಕಬೇಕು, ನಲವತ್ತು ಜನಕ್ಕೆ.